ಓಬಮ್ಮ ತುಂಬಿಸಿದ ಒಂಬತ್ತು ತಿಂಗಳು

"ನಾಕು ತಿಂಗಳಾತು, ಇನ್ನೂ ಕುತ್ತಿಗಿ ನಿಂತಿಲ್ಲಲ್ಲ?" ಎಂದು ಆಶಾ ಕಾರ್ಯಕರ್ತೆ ಸುಜಾತಾ ಕೂಸಿನ ತಲೆಯ ಹಿಂದೆ ಕೈ ಕೊಟ್ಟಳು. ಕೈ ಸಡಿಲಿಸಿದರೆ ತಲೆ ಹಿಂದಕ್ಕೆ ವಾಲುತ್ತಿತ್ತು. ಶಿವಲೀಲಾ ಗಾಬರಿಯಾಗಿ ಅತ್ತೆಯ ಮುಖ ನೋಡಿದಳು. ಅತ್ತೆ ಓಬಮ್ಮ ಗೋಡೆ ನೋಡಿದಳು.

ಬಾಗಿಲ ಬಳಿ ಕಂಬಳಿ ಮಡಚುತ್ತಿದ್ದ ಶಿವಲೀಲಾಳ ಗಂಡ ದುರುಗೇಶ ಮಾತ್ರ ತನ್ನ ಲೆಕ್ಕದಲ್ಲೇ ಇದ್ದ. ಕುರಿಹಿಂಡು ಬಿಟ್ಟು ಶಿವರಾತ್ರಿಗೆ ಮನೆಗೆ ಬಂದು ನಾಲ್ಕು ದಿನವಾದರೂ, ಮೊದಲ ಸಲ ಕಂಡ ಮಗಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಬೆರಳು ಮಡಚುವುದು, ಬಿಚ್ಚುವುದು, ಇದೇ ಕೆಲಸ. ಹೋದ ಯುಗಾದಿಗೆ ಅವನು ಆರು ತಿಂಗಳ ಮೇಲೆ ಮನೆ ಕಂಡಿದ್ದ. ದಸರೆಗೆ ಮತ್ತೆ ಹಿಂಡಿನ ಹಿಂದೆ ಹೋದ. ದೀಪಾವಳಿಗೆ ಶಿವಲೀಲಾ ತವರಿನಲ್ಲಿ ಹೆತ್ತಳು. "ಒಂಬತ್ತು ತುಂಬಿ ಹುಟ್ಯಾಳ" ಎಂದು ಅವ್ವ ಓಬಮ್ಮನೇ ಫೋನಿನಲ್ಲಿ ಹೇಳಿದ್ದಳು. ಯುಗಾದಿಯಿಂದ ಎಷ್ಟು ಸಲ ಎಣಿಸಿದರೂ ದೀಪಾವಳಿಗೆ ಏಳೇ ತಿಂಗಳು. ಉಳಿದೆರಡು ಎಲ್ಲಿಂದ ಬಂದವು? ಕೇಳಿದರೆ ಹೆಂಡತಿಯ ಮಾನ ಹೋಗುತ್ತದೆ, ಕೇಳದಿದ್ದರೆ ತನ್ನ ತಲೆ ಕೆಡುತ್ತದೆ. ಯಾವ ಕುರಿ ಎಂದು ಈಯುತ್ತದೆಂದು ಬಾಯಲ್ಲೇ ಹೇಳುವವನಿಗೆ ಮನೆಯ ಲೆಕ್ಕ ಹತ್ತುತ್ತಿರಲಿಲ್ಲ.

"ತಾಯಿ ಕಾರ್ಡ್ ಕೊಡ್ರಿ ದೊಡ್ಡಮ್ಮ, ಎಷ್ಟು ಸಲ ಕೇಳೂದು?" ಎಂದಳು ಸುಜಾತಾ.

"ಎಲ್ಲೈತೋ ಏನೋ."

"ಕೊಟ್ಟುಬಿಡ್ರಿ ಅತ್ತಿ, ಕೂಸಿಗಿಂತ ಹೆಚ್ಚಿಂದೇನೈತಿ?" ಶಿವಲೀಲಾ ಅಳತೊಡಗಿದಳು.

ಓಬಮ್ಮ ಟ್ರಂಕಿನ ತಳದಿಂದ ಕಾರ್ಡ್ ತೆಗೆದಳು. ಸುಜಾತಾ ಓದಿ ಹಣೆ ಬಡಿದುಕೊಂಡಳು.

"ಏಳು ತುಂಬಿ ಎಂಟರಾಗ ಹುಟ್ಯಾಳಲ್ರಿ! ಎರಡು ತಿಂಗಳು ಮುಂಚೇನ! ಇಕೀನ್ನ ಎರಡು ತಿಂಗಳ ಕೂಸು ಅಂತ ಹಿಡೀಬೇಕು, ಕುತ್ತಿಗಿ ಈಗ್ಲೇ ಹೆಂಗ ನಿಂತೀತು? ಯಾಕ ಮುಚ್ಚಿಟ್ರಿ?"

"ಎಂಟನೇ ತಿಂಗಳ ಕೂಸು ಉಳಿಯಂಗಿಲ್ಲ ಅಂತಾರವ್ವ. ಓಣಿಯವರ ಬಾಯಿಗೆ ಬೀಳಬಾರದು ಅಂತ ನಾನ ಒಂಬತ್ತು ತುಂಬಿಸಿದೆ. ಯಾರಿಗೂ ಹೇಳಬ್ಯಾಡ ಅಂತ ಸೊಸಿಗೂ ಆಣಿ ಹಾಕಿದ್ದೆ. ಮಗಗೂ ಹಂಗ ಹೇಳಿದೆ."

"ಯವ್ವಾ!" ದುರುಗೇಶ ಕಂಬಳಿ ಬಿಸಾಕಿ ಬಂದು ಕೂಸನ್ನು ಎತ್ತಿಕೊಂಡ. ಪುಟ್ಟ ತಲೆ ಅವನ ತೋಳಿನ ಮೇಲೆ ವಾಲಿತು. ಅದು ವಾಲಿದಷ್ಟೂ ಅವನಿಗೆ ಖುಷಿ. "ನಿಲ್ಲಲಿ ಬಿಡ್ರಿ ನಿಧಾನಕ, ಅವಸರ ಏನೈತಿ?" ಎಂದು ನಕ್ಕು ಕಣ್ಣೊರೆಸಿಕೊಂಡ.

ಶಿವಲೀಲಾಳ ಅಳು ಥಟ್ಟನೆ ನಿಂತಿತು. ಗಂಡನನ್ನೇ ನೋಡಿದಳು.

"ನಾಕು ದಿನದಿಂದ ಬೆರಳು ಮಡಚಾಕತ್ತಿದ್ರಿ. ಕುರಿ ಎಣಸ್ತಿದ್ರೇನು?"

ದುರುಗೇಶ ಕೂಸನ್ನು ಎದೆಗೆ ಒತ್ತಿಕೊಂಡ. ಈಗ ಅವನ ಕುತ್ತಿಗೆಯೂ ನಿಲ್ಲಲಿಲ್ಲ.