ಕಿವಿಗೆ ಹೇಳಿದ ಮಾತು

ಕಟಕಟೆ ಹತ್ತಿದ ಮರಿತಾಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಪಿಸುಗುಡಲು ಒಂದು ಕಿವಿಗಾಗಿ ಸುತ್ತ ಹುಡುಕಿದಳು.

"ಗಂಡನ ಮನೆ ಬಿಟ್ಟುಕೊಡೋಕೆ ನೀವು ಒಪ್ಪಿದ್ದೀರಿ ಅಂತ ರಾಜಿ ಅರ್ಜಿ ಬಂದಿದೆ. ನಿಜವಾಗಿ ಒಪ್ಪಿಗೆ ಇದೆಯೇನಮ್ಮ?" ನ್ಯಾಯಾಧೀಶರು ಎರಡನೇ ಸಲ ಕೇಳಿದರು.

ಹಿಂದಿನ ಬೆಂಚಿನಿಂದ ಅಣ್ಣ ಚೆಲುವಯ್ಯ ಎದ್ದ. "ಒಪ್ಕಂಡವ್ಳೆ ಬುದ್ದಿ. ನಮ್ಮಲ್ಲಿ ಹೆಣ್ಮಕ್ಳು ಸಭೇಲಿ ಮಾತಾಡಕಿಲ್ಲ. ಅವ್ಳ ಪರ್ವಾಗಿ ನಾನೇ ಯೋಳ್ತೀನಿ."

"ಇದು ನಿಮ್ಮೂರ ಕಟ್ಟೆಯಲ್ಲ. ಕೂತ್ಕೊಳ್ಳಿ."

ಚೆಲುವಯ್ಯ ಕೂತ. ಕೂತಲ್ಲಿಂದಲೇ ತಂಗಿಯನ್ನು ಗುರಾಯಿಸಿದ. ಹೊಡೆದು ಬಡಿದ ಗಂಡನಿಗೆ ಇನ್ನೊಬ್ಬಳನ್ನು ತರಲು ಮನೆ ಖಾಲಿಯಾಗಬೇಕಿತ್ತು. ಆ ಮಹಾಶಯನೂ ಈ ಅಣ್ಣನೂ ಬೆಳಿಗ್ಗೆ ತೆರಕಣಾಂಬಿಯಲ್ಲಿ ಬಸ್ಸು ಹತ್ತಿ ಒಂದೇ ಸೀಟಿನಲ್ಲಿ ಕೂತು ನಗುನಗುತ್ತಾ ಬಂದದ್ದನ್ನು ಮರಿತಾಯಮ್ಮನ ವಕೀಲೆ ನಾಗಮಣಿ ಅದೇ ಬಸ್ಸಿನಲ್ಲಿದ್ದು ಕಣ್ಣಾರೆ ಕಂಡಿದ್ದಳು.

ತೊಂಬತ್ತಾರರ ಯುಗಾದಿ ಆಗಷ್ಟೇ ಕಳೆದಿತ್ತು. ಗುಂಡ್ಲುಪೇಟೆಯ ಆ ಕೋರ್ಟಿನ ಫ್ಯಾನು ಯಾರಿಗೂ ಗಾಳಿ ಕೊಡದೆ ತನ್ನ ಪಾಡಿಗೆ ತಿರುಗುತ್ತಿತ್ತು. ಕಿಟಕಿಯಾಚೆ ಬೇವಿನ ಹೂವು ಉದುರುತ್ತಿತ್ತು. ಅದರ ಕಂಪು ಮೂಗಿಗೆ ಬಡಿದದ್ದೇ, ನಾಗಮಣಿಯ ಎದುರಿದ್ದ ಕೋಣೆ ಮೆಲ್ಲಗೆ ಕರಗಿಹೋಯಿತು.

ಉಮ್ಮತ್ತೂರು ಕಡೆಯ ಒಂದು ಊರು. ಬೇವಿನ ಮರದ ಕಟ್ಟೆಯ ಮೇಲೆ ಯಜಮಾನರು. ದೂರದಲ್ಲಿ ಅವ್ವ ರಾಚಮ್ಮ, ಅವಳ ಸೆರಗು ಹಿಡಿದ ಪುಟ್ಟ ನಾಗಮಣಿ. ಅಪ್ಪ ತೀರಿಹೋಗಿದ್ದ, ದಾಯಾದಿಗಳಿಗೆ ಮನೆ ಬೇಕಿತ್ತು. ಹೆಂಗಸಿನ ಮಾತು ಕಟ್ಟೆ ಮುಟ್ಟಬೇಕಾದರೆ ಗಂಡಸಿನ ಬಾಯಿಂದಲೇ ಮುಟ್ಟಬೇಕು. ಅವ್ವ ತನ್ನ ಅಣ್ಣನ ಕಿವಿಗೆ ಬಾಗಿದಳು. "ಮನೆ ಬುಟ್ಟು ಓಗಕಿಲ್ಲ ಅನ್ನಣ್ಣ." ಮಾವ ಕಟ್ಟೆಯ ಕಡೆ ತಿರುಗಿ, "ಬುಟ್ಟು ಓಯ್ತಳಂತೆ" ಎಂದ. "ಅವ್ವ ಅಂಗನ್ನಿಲ್ಲ!" ಎಂದು ಕಿರುಚಿದ ಮಗುವಿನ ಕೆನ್ನೆಗೆ ಫಟಾರನೆ ಏಟು ಬಿತ್ತು.

ಆಮೇಲಿನದೆಲ್ಲ ಬರೀ ಹಬೆ. ಚಾಮರಾಜನಗರದ ರೇಷ್ಮೆ ನೂಲಿನ ಶೆಡ್ಡಿನಲ್ಲಿ ಅವ್ವ, ಮಗಳು ಕುದಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹುಡುಕಿದರು. ಬೆಂದು ಬಿಳಿಚಿದ ಆ ಬೆರಳುಗಳಲ್ಲೇ ಪೆನ್ನು ಹಿಡಿದು ಹುಡುಗಿ ಓದಿದಳು, ಕರಿ ಕೋಟು ತೊಟ್ಟಳು. ನೋಡಲು ಅವ್ವ ಉಳಿಯಲಿಲ್ಲ. ಪಿಸುಮಾತಿನಲ್ಲೇ ಬದುಕಿ ಪಿಸುಮಾತಿನಲ್ಲೇ ಹೋಗಿಬಿಟ್ಟಳು ಪುಣ್ಯಾತ್ಗಿತ್ತಿ.

"ಲಾಯರವ್ವ..."

ಮರಿತಾಯಮ್ಮ ಕೈಸನ್ನೆ ಮಾಡಿ ಕರೆಯುತ್ತಿದ್ದಳು. ನ್ಯಾಯಾಧೀಶರು ಆಗಲಿ ಎಂಬಂತೆ ತಲೆಯಾಡಿಸಿದರು. ನಾಗಮಣಿ ಕಟಕಟೆಯ ಬಳಿ ಹೋಗಿ ಕಿವಿಗೊಟ್ಟಳು. ಬಿಸಿಯುಸಿರಿನೊಂದಿಗೆ ಬಂದದ್ದು ಒಂದೇ ಮಾತು.

"ಏನಂತೆ?" ಎಂದರು ನ್ಯಾಯಾಧೀಶರು.

ಹೇಳಿಬಿಡಬಹುದಿತ್ತು, ಒಂದಕ್ಷರ ಹೆಚ್ಚು ಕಡಿಮೆಯಿಲ್ಲದೆ. ಆದರೆ ಆಗಲೂ ಮರಿತಾಯಮ್ಮನ ಮಾತು ಇನ್ನೊಬ್ಬರ ಬಾಯಲ್ಲೇ ಇರುತ್ತಿತ್ತು. ತಾನು ಸುಮ್ಮನಿದ್ದು, ಅವಳೂ ಬಾಯಿ ಬಿಡದಿದ್ದರೆ ಮನೆ ಹೋದಂತೆಯೇ.

"ನನ್ನ ಬಾಯಿಂದ ಬೇಡ ಸ್ವಾಮಿ. ಅವರೇ ಹೇಳಲಿ." ಹಿಂದಕ್ಕೆ ಸರಿದು, ಕೋರ್ಟಿನ ಕನ್ನಡವನ್ನು ಪಕ್ಕಕ್ಕಿಟ್ಟಳು. "ನಂಗೆ ಯೋಳಿದ್ದೇ ಯೋಳಕ್ಕ. ನಾನು ಇಲ್ಲೇ ಇವ್ನಿ."

ಫ್ಯಾನು ಗುಯ್‌ಗುಡುತ್ತಿತ್ತು. ಚೆಲುವಯ್ಯ ಬೇಕೆಂದೇ ಒಮ್ಮೆ ಕೆಮ್ಮಿದ. ಮರಿತಾಯಮ್ಮನ ಬಾಯಿಗೆ ಅಡ್ಡವಿದ್ದ ಸೆರಗು ನಿಧಾನಕ್ಕೆ ಕೆಳಗಿಳಿಯಿತು.

"ಮನೆ ಬುಟ್ಟು ಓಗಕಿಲ್ಲ!"

ವರಾಂಡದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನಾಗಮಣಿ ಕಣ್ಣು ಮುಚ್ಚಿಕೊಂಡಳು. ಅವ್ವ ಗಟ್ಟಿಯಾಗಿ ಕೂಗಿದ್ದರೆ ದನಿ ಹೇಗಿರುತ್ತಿತ್ತೆಂದು ಅವಳಿಗೆ ಮೊದಲ ಸಲ ತಿಳಿಯಿತು.