ಎಡೆಗೆ ಇಟ್ಟ ಚಹಾ

ಗಂಡನ ಫೋಟೋದ ಮುಂದೆ ಎಡೆಯಲ್ಲಿಟ್ಟ ಬಟ್ಟಲಿಗೆ ಮಾಲ್ಜಾ ಹಸಿರು ಚಹಾ ಬಗ್ಗಿಸುತ್ತಿದ್ದಂತೆ ಮೈದುನ ಪಿಲ್ಸು ಅವಳ ಕೈ ತಡೆದ.

"ಅತ್ತಿಗೆ, ಚುಸೊಕ್ ದಿನ, ಹಿರಿಯರ ಹಬ್ಬದಲ್ಲಿ, ಅಣ್ಣಂಗೆ ಇದಾ? ನಾನು ಅಕ್ಕಿ ಹೆಂಡ ತಂದಿದೀನಿ, ಅದನ್ನ ಹಾಕಿ."

"ಅದನ್ನ ಕುಡಿದೇ ಅಲ್ವಾ ನಿಮ್ಮಣ್ಣ ಫೋಟೋ ಆಗಿದ್ದು? ಹಿಂದಿನವರು ಹಿರಿಯರಿಗೆ ಚಹಾನೇ ಇಡ್ತಿದ್ರಂತೆ. ಬೆಟ್ಟದ ಮೇಲಿನ ಭಿಕ್ಷುಣಿಯಮ್ಮ ಹೇಳಿದ್ರು."

ಅದು ವಸಂತದಲ್ಲಿ ಅವಳೇ ಕಿತ್ತ ಚಿಗುರು. ಕಾದ ಬಾಣಲೆಯಲ್ಲಿ ಬರಿಗೈಯಲ್ಲೇ ಬಾಡಿಸಿ, ಚಾಪೆಯ ಮೇಲೆ ಹೊಸೆದು ಒಣಗಿಸಿದ್ದು. ಬದುಕಿದ್ದಾಗ ಗಂಡ ಈ ಚಹಾದ ಮುಂದೆ ಒಂದು ದಿನವೂ ಕೂತವನಲ್ಲ. ಕುದಿದ ನೀರು ಹದಕ್ಕೆ ಆರಲಿ ಎಂದು ಅವಳು ಕಾಯುವಷ್ಟರಲ್ಲಿ ಅವನು ಹೆಂಡದಂಗಡಿಯ ದಾರಿ ಹಿಡಿದಿರುತ್ತಿದ್ದ. ಸತ್ತ ಮೇಲಾದರೂ ಕೂರಲಿ ಎಂಬುದು ಅವಳ ಹಟ.

ಪಿಲ್ಸು ನಕ್ಕ. "ಅಣ್ಣ ಹೊಸ್ತಿಲ ತನಕ ಬಂದು, ಚಹಾದ ವಾಸನೆ ನೋಡಿ, ಹಂಗೇ ವಾಪಸ್ ಹೋಗ್ತಾನೆ ಬಿಡಿ."

ಅವನು ತಮಾಷೆಗೆ ಅಂದದ್ದು. ಆದರೆ ಮಾಲ್ಜಾಳ ಕೈ ಅಲ್ಲೇ ನಿಂತಿತು. ಸತ್ತವರು ಬರಲೆಂದು ಬೆಳಿಗ್ಗೆಯೇ ತೆರೆದಿಟ್ಟಿದ್ದ ಬಾಗಿಲನ್ನು ತಿರುಗಿ ನೋಡಿದಳು. ಅಂಗಳ ಖಾಲಿಯಾಗಿತ್ತು. ಪಿಲ್ಸು ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಾನೆ. ಆಮೇಲೆ ಈ ಮನೆಯಲ್ಲಿ ಮತ್ತೆ ಅವಳೊಬ್ಬಳದೇ ಊಟ.

ಅವಳು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ಪಕ್ಕಕ್ಕೆ ಇಟ್ಟುಕೊಂಡಳು.

"ಕೊಡು ಆ ಹೆಂಡಾನ," ಎಂದಳು. "ದೊಡ್ಡ ಬಟ್ಟಲು ತಗೊಂಡು ಬಾ, ತುಂಬ ಹಾಕ್ತೀನಿ. ಅದು ಖಾಲಿ ಆಗೋ ತನಕ ಆದ್ರೂ ನಿಮ್ಮಣ್ಣ ಇಲ್ಲಿ ಕೂತಿರ್ತಾರೆ."