ಅಕ್ಕನ ಉಗುರು

ಕನ್ನಡಕದಂಗಡಿಯ ಷಟರ್ ಅರ್ಧ ಇಳಿದಿತ್ತು. ಅಕ್ಕ ಕುಕ್ಕರಗಾಲಲ್ಲಿ ಕೂತು, ಚಿಲಕ ಸರಿಯಾಗಿ ಬೀಳಲೆಂದು ಬಲಗೈಯನ್ನು ಅಡಿಗೆ ತೂರಿಸಿದ್ದಳು. ಕೊಕ್ಕೆಕೋಲಿನಿಂದ ಷಟರನ್ನು ತಡೆದು ಹಿಡಿದಿದ್ದ ತಂಗಿ ಕೈ ಬಿಟ್ಟಳು.

ಅಕ್ಕ ಸರಕ್ಕನೆ ಕೈ ಎಳೆದುಕೊಂಡಳು. ಬೆರಳು ಉಳಿದವು. ಮೂರು ಉಗುರು ಬುಡಕ್ಕೇ ಮುರಿದಿದ್ದವು.

"ಕೈ ಜಾರ್ತು ಅಕ್ಕ," ಎಂದಳು ತಂಗಿ.

ಅಕ್ಕ ಬೆರಳನ್ನು ನೋಡಿಕೊಳ್ಳಲಿಲ್ಲ. ತಂಗಿಯ ಮುಖ ನೋಡಿದಳು. ತುಂಬ ಹೊತ್ತು ನೋಡಿ, "ಗೊತ್ತಾಯ್ತು ಬಿಡು," ಎಂದಳು.

ಕನ್ನಡಕ ಮಾರುವವಳಿಗೆ ಮೂರು ಉಗುರು ಹೋದರೆ ಏನು ಮಹಾ? ಆದರೆ ಅಕ್ಕ ತಂಗಿ ಇಬ್ಬರೂ ಊರಿನ ಗಿಟಾರ್ ಕ್ಲಬ್ಬಿನವರು. ಅವರು ಕಲಿತ ಶೈಲಿಯಲ್ಲಿ ತಂತಿ ಮೀಟುವುದು ಬಲಗೈ ಉಗುರಿನಿಂದ. ಪಾತ್ರೆ ತೊಳೆಯಲು ಕೈಗವಸು, ಡಬ್ಬಿಯ ಮುಚ್ಚಳ ಎಬ್ಬಿಸಲು ಚಮಚ. ಉಗುರುಗಳನ್ನು ಹಸುಗೂಸಿನಂತೆ ಸಾಕಿದ್ದರು. ಮಾರನೆಯ ದಿನವೇ ಕ್ಲಬ್ಬಿನ ವಾರ್ಷಿಕ ಸಂಭ್ರಮ.

ಈ ಸಲ ಸಂಭ್ರಮದ ಜೊತೆ ಒಂದು ಸುದ್ದಿಯೂ ಇತ್ತು. ದೂರದ ದೊಡ್ಡ ಊರಿನಲ್ಲಿ ಪ್ರಾಚೀನ ಸಂಗೀತದ ಶಾಲೆಯೊಂದು ತೆರೆಯುತ್ತಿದೆ. ಅಲ್ಲಿ ಲ್ಯೂಟ್ ಕಲಿಸುವ ಗುರು ಸಂಭ್ರಮಕ್ಕೆ ಬಂದು, ನುಡಿಸುವವರನ್ನು ಕೇಳಿ, ಒಬ್ಬರನ್ನು ಶಿಷ್ಯರಾಗಿ ಕರೆದೊಯ್ಯುತ್ತಾರೆ. ಲ್ಯೂಟ್ ಎಂದರೆ ಸೀಳಿದ ಸೀಬೆಹಣ್ಣಿನಂತೆ ಬೆನ್ನುಬ್ಬಿದ ವಾದ್ಯ, ಗಿಟಾರಿಗೆ ಅಜ್ಜಿಯ ಸಮಾನ. ಕ್ಲಬ್ಬಿನಲ್ಲಿ ಯಾರೂ ಅದನ್ನು ಮುಟ್ಟಿ ನೋಡಿದವರಲ್ಲ.

ಹೋಗುವವಳು ಅಕ್ಕನೇ ಎಂದು ಎಲ್ಲರೂ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಅಕ್ಕ ನುಡಿಸಿದರೆ ಸಭೆ ಉಸಿರು ಬಿಗಿಹಿಡಿಯುತ್ತಿತ್ತು. ತಂಗಿ ನುಡಿಸಿದರೆ, ಅಕ್ಕನ ಕೈಯಲ್ಲಿ ಚೆನ್ನಾಗಿ ಪಳಗಿದ್ದಾಳೆ ಎನ್ನುತ್ತಿದ್ದರು. ತಂಗಿಗೆ ಬಂದ ಹೊಗಳಿಕೆಯಲ್ಲೂ ಅಕ್ಕನಿಗೇ ದೊಡ್ಡ ಪಾಲು.

ಸುದ್ದಿ ಬಂದ ಮೇಲೆ ಅಕ್ಕ ಗಿಟಾರ್ ಮುಟ್ಟಿರಲಿಲ್ಲ. ಪೆಟ್ಟಿಗೆ ಬೀರುವಿನ ಮೇಲೆ ಹತ್ತಿ ಕೂತಿತ್ತು. ಗೆಲುವು ಖಾತ್ರಿಯಾದವಳಿಗೆ ಅಭ್ಯಾಸ ಯಾಕೆ ಎಂದುಕೊಂಡಳು ತಂಗಿ. ಅಕ್ಕ ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರ ಬಳಿಗೆ ಎರಡು ಸಲ ಹೋಗಿ ಬಂದಳು. ಹಲ್ಲುನೋವಿನ ಸುಳಿವೇ ಇರಲಿಲ್ಲ, ನಗುನಗುತ್ತಾ ಬಂದಿದ್ದಳು. ಇನ್ನು ಅಂಗಡಿಗೆ ಇನ್ನೊಬ್ಬರು ಬೇಕಾಗುತ್ತಾರೆ ಎಂದು ಚಿಕ್ಕಮ್ಮನ ಮಗಳನ್ನು ಕೇಳಿಟ್ಟಳು. ಕೊನೆಗೆ ಅಕ್ಕನ ಮಂಚದಡಿ ಕಸ ಗುಡಿಸುವಾಗ ಪೊರಕೆಗೆ ಹೊಸ ಸೂಟ್‌ಕೇಸ್ ತಗುಲಿತು. ಗಿಳಿಹಸಿರು ಬಣ್ಣ. ಆ ಬಣ್ಣ ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. ಹೊರಡುವ ಆತುರದಲ್ಲಿ ಸಿಕ್ಕಿದ್ದನ್ನು ತಂದಿದ್ದಾಳೆ ಎಂದು ತಂಗಿ ಅದನ್ನು ಪೊರಕೆಯಿಂದಲೇ ಒಳಕ್ಕೆ ನೂಕಿದಳು. ತನಗೆ ಒಂದು ಮಾತು ಹೇಳಬೇಕೆಂದಾದರೂ ಅನ್ನಿಸಲಿಲ್ಲವಲ್ಲ.

ಷಟರ್ ಬಿದ್ದ ಸಂಜೆ ಅಕ್ಕ ಒಬ್ಬಳೇ ಮುಂದೆ ನಡೆದು ಮನೆ ಸೇರಿ ಕೋಣೆಯ ಬಾಗಿಲು ಹಾಕಿಕೊಂಡಳು. ಬೀರುವಿನ ಮೇಲಿನಿಂದ ಪೆಟ್ಟಿಗೆ ಇಳಿಸಿದ ಸದ್ದು ಕೇಳಿಸಿತು. ಆಮೇಲೆ ಮೊಂಡಾದ, ಮಂಕಾದ ನಾದ, ಬೆರಳಿನ ಬರಿಯ ಮಾಂಸದಿಂದ ಮೀಟಿದ್ದು. ಹಲ್ಲು ಬಿದ್ದವರ ಮಾತಿನಂತಿದೆ ಎಂದುಕೊಂಡು ತಂಗಿ ನೆಮ್ಮದಿಯಿಂದ ತನ್ನ ಉಗುರಿಗೆ ಅರ ತಿಕ್ಕಿದಳು.

ಮಾರನೆಯ ದಿನ ಸಭಾಂಗಣದ ತುಂಬ ಬಣ್ಣದ ಕಾಗದದ ಸರ, ಬಲೂನು. ಒಂದು ಮೂಲೆಯಲ್ಲಿ ಕೇಕು, ಹಣ್ಣಿನ ರಸ. ಮಕ್ಕಳು ಗಿಟಾರ್ ಪೆಟ್ಟಿಗೆಗಳ ನಡುವೆ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಗುರು ಬಂದರು, ನರೆತ ಕೂದಲಿನ, ಮಿತಮಾತಿನ ಹೆಂಗಸು. ತಂಗಿ ಮೊದಲು ನುಡಿಸಿದಳು. ಒಂದು ಸ್ವರವೂ ತಪ್ಪಲಿಲ್ಲ. ಚಪ್ಪಾಳೆ ಬಿತ್ತು. ಗುರು ತಲೆದೂಗಿದರು.

ಬಳಿಕ ಅಕ್ಕ ಎದ್ದಾಗ ಡಾಕ್ಟರು ಕುರ್ಚಿಯಲ್ಲಿ ಮಿಸುಕಿದರು. ಅಕ್ಕನ ಬೆರಳುಗಳಿಂದ ಅದೇ ಮಂಕು ನಾದ ಹೊರಟಿತು. ಹಿಂದಿನ ಸಾಲಿನವರು ಮುಂದಕ್ಕೆ ಬಾಗಿದರು. ಎರಡು ನಿಮಿಷಕ್ಕೆ ಮಕ್ಕಳೂ ಆಟ ನಿಲ್ಲಿಸಿದ್ದರು.

ಗುರು ಲ್ಯೂಟನ್ನು ಚೀಲದಿಂದ ತೆಗೆದು ಮೊದಲು ತಂಗಿಯ ಕೈಗಿತ್ತರು. ಅವಳು ಮೀಟಿದಳು. ಜೋಡಿ ತಂತಿಗಳ ಮೇಲೆ ಉಗುರು ಟಕಟಕ ಬಡಿದು, ಗಾಜಿನ ಮೇಲೆ ಆಲಿಕಲ್ಲು ಬಿದ್ದಂತಾಯಿತು. ಅಕ್ಕನ ಕೈಗೆ ಹೋದಾಗ ಅದೇ ವಾದ್ಯ ಮನುಷ್ಯರಂತೆ ಮಾತಾಡಿತು.

ಗುರು ಅಕ್ಕನ ಬಲಗೈ ಹಿಡಿದು ತಿರುಗಿಸಿ ನೋಡಿದರು.

"ಲ್ಯೂಟಿಗೆ ಉಗುರು ಆಗಿಬರಲ್ಲ. ಕತ್ತರಿಸ್ಕೊಳ್ಳಿ ಅಂದ್ರೆ ಗಿಟಾರಿನವರು ಪ್ರಾಣ ಬಿಡ್ತಾರೆ. ನೀವು ಮೊದಲೇ ತಯಾರಾಗಿ ಬಂದಿದೀರಿ."

"ತಯಾರು ಮಾಡಿದ್ದು ತಂಗಿ," ಎಂದಳು ಅಕ್ಕ. ಎಲ್ಲರೂ ತಂಗಿಗೂ ಚಪ್ಪಾಳೆ ತಟ್ಟಿದರು.

ಆಯ್ಕೆಯ ಸುದ್ದಿ ಸಾರಿದ್ದಾಯಿತು, ಕೇಕು ಹಂಚಿದ್ದೂ ಆಯಿತು. ತಂಗಿ ತನ್ನ ತುಣುಕನ್ನು ಪಕ್ಕದ ಮಗುವಿಗೆ ದಾಟಿಸಿದಳು. ತಾನು ಅಗೆದ ಗುಂಡಿ ಅಕ್ಕನಿಗೆ ಮೆಟ್ಟಿಲಾಗಿತ್ತು. ಆದರೂ ತಪ್ಪೆಲ್ಲ ತನ್ನದೇ ಎಂದು ಒಪ್ಪಲು ಅವಳ ಮನಸ್ಸು ಸಿದ್ಧವಿರಲಿಲ್ಲ. ಎಲ್ಲ ಮೊದಲೇ ನಿಗದಿಯಾದ ನಾಟಕ, ಉಗುರಿದ್ದರೂ ಹೋದರೂ ಅಕ್ಕನೇ ಗೆಲ್ಲುತ್ತಿದ್ದಳು ಎಂದು ತನಗೆ ತಾನೇ ಹೇಳಿಕೊಂಡಳು. ಅದನ್ನು ಬಾಯಿಬಿಡಿಸಿ ಒಪ್ಪಿಸಿಕೊಳ್ಳಲೆಂದೇ ಹಲ್ಲಿನ ಡಾಕ್ಟರನ್ನು ಕಂಬದ ಮರೆಗೆ ಕರೆದಳು.

"ನಿಜ ಹೇಳಿ ಡಾಕ್ಟ್ರೇ. ಅಕ್ಕ ನಿಮ್ಮ ಹತ್ರ ಬಂದಾಗ್ಲೇ ಎಲ್ಲಾ ಮಾತಾಗಿತ್ತು ಅಲ್ವಾ?"

ಡಾಕ್ಟರು ತಟ್ಟೆ ಕೆಳಗಿಟ್ಟರು. ಹೇಳಲೋ ಬೇಡವೋ ಎಂದು ಅಕ್ಕನಿದ್ದ ಕಡೆ ಒಮ್ಮೆ ನೋಡಿದರು.

"ಆಗಿತ್ತಮ್ಮ. ತಾನು ನುಡಿಸೋದೇ ಇಲ್ಲ, ನೀನು ನುಡಿಸೋದನ್ನಷ್ಟೇ ಗುರುಗಳಿಗೆ ಕೇಳಿಸಿ ನಿನ್ನನ್ನೇ ಕಳಿಸಿಕೊಡಬೇಕು ಅಂತ ಮಾತು ತಗೊಂಡಿದ್ಲು. ನಿನ್ನೆ ಸಂಜೆ ಫೋನ್ ಮಾಡಿ, ಮನಸ್ಸು ಬದಲಾಯ್ತು ಅಂದ್ಲು."